ಎಡಗನ್ನಡಿಯ ಕುರ್ಚಿ

ಅಂಗಳದಲ್ಲಿ ಸದಾ ಒಂದೇ ಜಾಗದಲ್ಲಿರುತ್ತಿದ್ದ ವಾಚ್‌ಮನ್ನನ ನೀಲಿ ಪ್ಲಾಸ್ಟಿಕ್ ಕುರ್ಚಿ ಇಲ್ಲದಿದ್ದರೆ ಆ ಲಾರಿ ಡ್ರೈವಿಂಗ್ ಶಾಲೆ ಎಂದೋ ಮುಚ್ಚಿಹೋಗುತ್ತಿತ್ತು. ಅದು ಗೊತ್ತಿದ್ದದ್ದು ಕಲಿಸುವ ಮೇಷ್ಟ್ರಿಗೂ ಅವರ ಶಿಷ್ಯರಿಗೂ ಮಾತ್ರ. ವಾಚ್‌ಮನ್ನನಿಗೆ ಯಾರೂ ಹೇಳಿರಲಿಲ್ಲ.

ಲಾರಿಯನ್ನು ಹಿಂದಕ್ಕೆ ತಂದು ನಾಲ್ಕು ಡ್ರಮ್ಮುಗಳ ನಡುವೆ ನಿಲ್ಲಿಸುವುದೇ ಲೈಸೆನ್ಸ್ ಪರೀಕ್ಷೆಯ ಕಷ್ಟದ ಭಾಗ. ಅದನ್ನು ವಿವರಿಸಿ ಗಂಟಲು ಒಣಗಿಸಿಕೊಳ್ಳುವ ಬದಲು ಮೇಷ್ಟ್ರು ಹದಿನೆಂಟು ವರ್ಷಗಳಿಂದ ಒಂದೇ ಮಂತ್ರ ಹೇಳಿಕೊಡುತ್ತಿದ್ದರು: "ಎಡಗನ್ನಡೀಲಿ ಕುರ್ಚಿ ಕಂಡ ಕೂಡ್ಲೇ ಸ್ಟೇರಿಂಗ್ ಪೂರ್ತಿ ಎಡಕ್ಕೆ." ಪರೀಕ್ಷೆಯೂ ಅದೇ ಅಂಗಳದಲ್ಲೇ ನಡೆಯುತ್ತಿದ್ದುದರಿಂದ ಎಲ್ಲರೂ ಪಾಸಾಗುತ್ತಿದ್ದರು. ಕುರ್ಚಿಯಿಲ್ಲದ ಊರುಗಳಲ್ಲಿ ಅವರೆಲ್ಲ ಏನು ಮಾಡುತ್ತಿದ್ದಾರೆಂದು ಮೇಷ್ಟ್ರು ವಿಚಾರಿಸಲು ಹೋಗಿರಲಿಲ್ಲ.

ಶಾಲೆಯ ಮಾಲೀಕರ ಭಾವಮೈದನೊಬ್ಬ ಮಾತ್ರ ನಾಲ್ಕು ಸಲ ಫೇಲಾಗಿದ್ದ. ಅವನು ಕನ್ನಡಿಯಲ್ಲಿ ಕುರ್ಚಿಗಿಂತ ತನ್ನ ಮೀಸೆಯನ್ನೇ ಹೆಚ್ಚು ನೋಡುತ್ತಿದ್ದ.

"ಇವತ್ತೂ ಅವನು ಫೇಲಾದ್ರೆ ನಾಳೆಯಿಂದ ನೀವು ಬರಬೇಡಿ ಮೇಷ್ಟ್ರೇ," ಎಂದರು ಮಾಲೀಕರು ಬೆಳಿಗ್ಗೆಯೇ. "ಮನೇಲಿ ಹೆಂಡ್ತಿ ನನ್ನನ್ನ ಬದುಕೋಕೆ ಬಿಡ್ತಿಲ್ಲ."

ಐವತ್ತೆರಡರ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಮೇಷ್ಟ್ರು ಭಾವಮೈದನಿಂದ ಮಂತ್ರವನ್ನು ನೂರು ಸಲ ಹೇಳಿಸಿದರು.

ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಬಂದರು. ಅವರನ್ನು ನೋಡಿದ್ದೇ ತಡ, ವಾಚ್‌ಮನ್ನನಿಗೆ ಭಕ್ತಿ ಉಕ್ಕಿತು. ತನ್ನ ಕುರ್ಚಿ ಎತ್ತಿಕೊಂಡು ಓಡಿ, ಟವೆಲ್ಲಿನಿಂದ ಒರೆಸಿ, ದೂರದ ಮರದ ನೆರಳಲ್ಲಿ ಹಾಕಿದ. "ಕೂತ್ಕೊಳ್ಳಿ ಸಾಹೇಬ್ರೆ."

ಇನ್‌ಸ್ಪೆಕ್ಟರ್ ಕೂತೇಬಿಟ್ಟರು. ಮೇಷ್ಟ್ರು ಓಡಿಬಂದರು. "ಸಾರ್, ದಯವಿಟ್ಟು ಏಳಿ! ಆ ಕುರ್ಚಿ ಅಲ್ಲಿರಬಾರದು!"

"ಯಾಕ್ರೀ? ನಾನು ಕೂತ್ರೆ ನಿಮಗೇನು ಸಂಕಟ?"

ಮಾಲೀಕರು ಕಣ್ಣಲ್ಲೇ ಸುಟ್ಟುಬಿಡುವಂತೆ ನೋಡಿದರು. ಅಷ್ಟರಲ್ಲಿ ಭಾವಮೈದ ಲಾರಿ ಹೊರಡಿಸಿಯೇಬಿಟ್ಟಿದ್ದ. ಬೇರೆ ದಾರಿ ಕಾಣದೆ ಮೇಷ್ಟ್ರು ಕುರ್ಚಿಯ ಜಾಗಕ್ಕೆ ಓಡಿ, ಮೊಣಕಾಲು ಮಡಚಿ, ಗಾಳಿಯಲ್ಲೇ ಕೂತರು.

ಲಾರಿ ಹಿಂದಕ್ಕೆ ಬಂತು. ಮೇಷ್ಟ್ರನ್ನು ದಾಟಿತು. ಡ್ರಮ್ಮುಗಳನ್ನು ದಾಟಿತು. ಭಾವಮೈದ ಅಂದು ಮೊದಲ ಬಾರಿಗೆ ಮೀಸೆ ಮರೆತು ಕುರ್ಚಿಯನ್ನೇ ಹುಡುಕುತ್ತಿದ್ದ. ಕೊನೆಗೆ ಮರದ ಕೆಳಗೆ ಅದು ಕಂಡಿತು. ಸ್ಟೇರಿಂಗ್ ಪೂರ್ತಿ ಎಡಕ್ಕೆ!

ಇನ್‌ಸ್ಪೆಕ್ಟರ್ ಹಾರಿ ಜೀವ ಉಳಿಸಿಕೊಂಡರು. ಕುರ್ಚಿ ಚಕ್ರದ ಕೆಳಗೆ ಚಪ್ಪಟೆಯಾಯಿತು.

"ನಾನು ಅಲ್ಲಿ ಕೂತಿದ್ದು ಕಾಣಲಿಲ್ಲವೇನೋ?" ಮೇಷ್ಟ್ರು ಕಿರುಚಿದರು.

"ಕಾಣಿಸಿದ್ರಿ ಮೇಷ್ಟ್ರೇ. ಹೊಟ್ಟೆನೋವೇನೋ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಧೂಳು ಕೊಡವಿಕೊಂಡು ಕಾಗದಕ್ಕೆ ಸಹಿ ಹಾಕಿದರು. "ಪಾಸ್! ಇನ್ನೊಂದು ಸಲ ಇವನ ಪರೀಕ್ಷೆ ಮಾಡೋ ಧೈರ್ಯ ನನಗಿಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಆದರೆ ಇನ್‌ಸ್ಪೆಕ್ಟರ್ ಅವರತ್ತ ತಿರುಗಿ, "ಇವನಿಗೆ ಕಲಿಸಿದವರು ನೀವೇ ತಾನೆ? ಈ ಲಾರೀನ ನೀವೇ ಡ್ರಮ್ಮುಗಳ ಮಧ್ಯೆ ನಿಲ್ಲಿಸ್ರೀ," ಎಂದರು.

ಮೇಷ್ಟ್ರು ಹತ್ತಿ ಕೂತರು. ಹಿಂದಕ್ಕೆ ಬರುತ್ತ ಎಡಗನ್ನಡಿ ನೋಡಿದರು. ಖಾಲಿ. ಹದಿನೆಂಟು ವರ್ಷ ತಾವೂ ಕುರ್ಚಿ ನೋಡಿಯೇ ತಿರುಗಿಸುತ್ತಿದ್ದದ್ದು ಅವರಿಗೆ ಆಗಲೇ ಹೊಳೆದದ್ದು. ಡಬ್, ಡಬ್, ಡಬ್ ಎಂದು ಮೂರು ಡ್ರಮ್ಮು ಉರುಳಿದವು. ಮಾಡಿದ್ದುಣ್ಣೋ ಮಹಾರಾಯ!

ಮಾಲೀಕರು ನಿಧಾನವಾಗಿ ಬಂದರು. "ನಾಳೆಯಿಂದ ನನ್ನ ಭಾವಮೈದನೇ ಕಲಿಸ್ತಾನೆ. ಹೇಗೂ ಲೈಸೆನ್ಸ್ ಬಂತಲ್ಲ."

"ಹಾಗಾದ್ರೆ ನಾನು?" ಎಂದರು ಮೇಷ್ಟ್ರು.

"ಛೆ, ನಿಮ್ಮನ್ನ ಬಿಡೋಕಾಗತ್ತಾ? ನೀವಿಲ್ಲದೆ ಪಾಠವೇ ನಡೆಯೋಲ್ಲ."

ಮೇಷ್ಟ್ರ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಭಾವಮೈದ ಮೀಸೆ ತಿರುವುತ್ತ ಲಾರಿಯ ಬಳಿ ಹೊಸ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಪಾಠ ಶುರುಮಾಡಿಯೇಬಿಟ್ಟಿದ್ದ.

"ಎಡಗನ್ನಡೀಲಿ ಮೇಷ್ಟ್ರು ಕಂಡ ಕೂಡ್ಲೇ, ಸ್ಟೇರಿಂಗ್ ಪೂರ್ತಿ ಎಡಕ್ಕೆ!"