ಹಂದಿ ಬೇಟೆಯಲ್ಲಿ ಕಳೆದುಹೋಗುವ ಗಂಡನಿಗೊಂದು ಜಿಪಿಎಸ್

ಒಮ್ಮೆ ಕಳೆದದ್ದು ಮತ್ತೆ ಮತ್ತೆ ಕಳೆಯುತ್ತದೆ ಅನ್ನುವುದು ಕೊಡೆ, ಕನ್ನಡಕಗಳ ವಿಷಯದಲ್ಲಿ ಎಲ್ಲರಿಗೂ ಗೊತ್ತು. ನನಗೆ ಗಂಡನ ವಿಷಯದಲ್ಲಿ ಗೊತ್ತು. ಈಗ ಇದರಲ್ಲಿ ಸಿಟ್ಟೂ ಉಳಿದಿಲ್ಲ, ಆಸೆಯೂ ಉಳಿದಿಲ್ಲ.

೧. ಹಂದಿ ಸಿಕ್ಕ ಬಗೆ

ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ನಮ್ಮ ಬೀದಿ ಮುಗಿಯುವಲ್ಲಿ ಕಾಡು ಶುರು. ಗದಗ ಕಡೆಯ ನನ್ನ ಗಂಡ ಕಾರು ಕಂಪನಿಯಲ್ಲಿ ಎಂಜಿನಿಯರ್. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ. ಅಂಥವರು ಹಂದಿ ಬೇಟೆಗೆ ಹೋಗುತ್ತಾರೆ. ಹೊಡೆಯಲಿಕ್ಕಲ್ಲ, ಓಡಿಸಲಿಕ್ಕೆ. ಇಲ್ಲಿ ಬಂದೂಕಿನವರು ಅಟ್ಟಣಿಗೆಯ ಮೇಲೆ ಕೂತಿರುತ್ತಾರೆ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಕೆಲವರು ಪೊದೆಗಳಲ್ಲಿ ಕೂಗುತ್ತಾ ನಡೆದು ಹಂದಿ ಎಬ್ಬಿಸಬೇಕು. ಬೇಟೆಯ ಮುಖಂಡರು ನಮ್ಮ ಪಕ್ಕದ ಮನೆಯ ಯಜಮಾನರು. ಇಷ್ಟು ವರ್ಷದಲ್ಲಿ ನಮ್ಮನ್ನು ಬಾಯಿ ತುಂಬ ಕರೆದ ಜರ್ಮನ್ನರೆಂದರೆ ಅವರೊಬ್ಬರೇ. “ಮನುಷ್ಯಾ ಕರದಾನ ಅಂದ್ರ ಹೋಗಬೇಕಲ್ಲ,” ಅಂದರು ಇವರು.

ಹೋದರು. ಎಲ್ಲರೂ “ಹೊಪ್ ಹೊಪ್” ಅನ್ನುವಾಗ ಇವರು ಎತ್ತು ಹೊಡೆದ ಹಾಗೆ “ಹೋಯ್, ನಡೀ ನಡೀ” ಎಂದು ಕೂಗಿದರಂತೆ. ಸ್ವಲ್ಪ ಹೊತ್ತಿಗೆ ಆ ಕೂಗೂ ಇಲ್ಲ, ಇವರೂ ಇಲ್ಲ. ದಟ್ಟ ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಒಬ್ಬ ಎಲ್ಲಿದ್ದಾನೆಂದು ತಿಳಿಯದಿದ್ದರೆ ಯಾರೂ ಗುಂಡು ಹಾರಿಸುವಂತಿಲ್ಲ. ಬೇಟೆ ನಿಲ್ಲಿಸಿ, ಕೊಂಬು ಊದಿ, ಎಲ್ಲರೂ ಇಳಿದು ಹುಡುಕಿದರೆ, ಇವರು ಮರದ ಬುಡದಲ್ಲಿ ಕೂತು ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಿದ್ದರು.

ಸಂಜೆ ಯಜಮಾನರು ಇವರನ್ನು ಬಾಗಿಲಿಗೆ ತಂದೊಪ್ಪಿಸಿ ಹೇಳಿದರು: “ಹಂದಿ ಹುಡುಕುವಾಗ ಒಂದೂ ಸಿಗಲಿಲ್ಲ. ನಿಮ್ಮ ಗಂಡನನ್ನು ಹುಡುಕುವಾಗ ಒಂದು ಹಿಂಡೇ ಸಿಕ್ಕಿತು. ಆಗ ಯಾರ ಕೈಯಲ್ಲೂ ಬಂದೂಕಿರಲಿಲ್ಲ.”

೨. ಕೊರಳಿನ ಅಳತೆ

“ಮುಂದಿನ ಸಲ ಕೈಯಲ್ಲಿ ಜಿಪಿಎಸ್ ಹಿಡಿದು ಬರಲಿ. ಇಲ್ಲವೆಂದರೆ ಬೇಡ,” ಎಂದೂ ಹೇಳಿ ಹೋದರು. ಇವರ ಮುಖ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರ ಹಾಗಾಯಿತು. ಇದ್ದೊಬ್ಬ ಗೆಳೆಯನೂ ಕೈಬಿಟ್ಟರೆ ಶನಿವಾರವೆಲ್ಲ ಇವರು ಮನೆಯಲ್ಲೇ ಇರುತ್ತಾರೆ ಎಂಬುದು ನೆನಪಾಗಿ ನನ್ನ ಮುಖವೂ ಹಾಗೇ ಆಯಿತು.

ಇವರು ತಿಂಗಳುಗಟ್ಟಲೆ ಯೂಟ್ಯೂಬ್ ನೋಡಿ ಅಭ್ಯಾಸ ಮಾಡಿದರು. ಸೊಪ್ಪಿನ ಮರೆಯಲ್ಲೂ ಉಪಗ್ರಹ ಹಿಡಿಯಬೇಕು, ಕೈಗವಸು ಹಾಕಿದ್ದರೂ ಒತ್ತಲು ಬರುವ ಬಟನ್ ಬೇಕು, ಸಾದಾ ಸೆಲ್ ಹಾಕುವಂತಿರಬೇಕು. ಇದೆಲ್ಲ ಇದ್ದೂ ಅಗ್ಗವಾಗಿರಬೇಕು. ಅಂಥದ್ದು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲವೆಂದು ನನಗೆ ಖಾತ್ರಿಯಾದ ಮೇಲೆ ನಾನೇ ಬೇಟೆ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವರು ಪರದೆ, ನಕ್ಷೆ, ಮೆಮೊರಿ ಎಂದು ಶುರು ಮಾಡಿದರು. ನಾನು ತಡೆದು, ನನ್ನ ಕಷ್ಟ ಹೇಳಿದೆ: “ಪೊದೆಯೊಳಗೆ ನುಗ್ಗಿದರೆ ಹೊರಗೆ ಬರುವುದಿಲ್ಲ. ಕರೆದರೆ ಕೇಳುವುದಿಲ್ಲ. ಹಸಿವಾದರೆ ಎಲ್ಲಿದ್ದರಲ್ಲೇ ಕೂತುಬಿಡುವುದು.”

ಅವರು ತಲೆಯಾಡಿಸಿ ಒಂದು ಕೊರಳಪಟ್ಟಿ ತಂದಿಟ್ಟರು. ಅದಕ್ಕೊಂದು ಪುಟ್ಟ ಆಂಟೆನಾ. “ನಾಯಿ ಎಲ್ಲಿದ್ದರೂ ನಿಮ್ಮ ಕೈಯಲ್ಲಿ ಕಾಣುತ್ತದೆ. ಕೊರಳಿನ ಅಳತೆ ಎಷ್ಟು?”

“ನಾಯಿಯಲ್ಲ, ಗಂಡ,” ಅಂದೆ.

ಅವರು ಒಳಗೆ ಹೋಗಿ ಇನ್ನೂ ದೊಡ್ಡ ಪಟ್ಟಿ ತಂದರು.

೩. ಮೊದಲ ಹೆಸರು

ಕೊನೆಗೆ ಪಟ್ಟಿ ಬಿಟ್ಟು, ಕೈಯಲ್ಲಿ ಹಿಡಿಯುವ ಅಗ್ಗದ ಜಿಪಿಎಸ್ ಒಂದು ಮನೆಗೆ ಬಂತು. ಆಯುಧಪೂಜೆ ಹತ್ತಿರದಲ್ಲೇ ಇತ್ತು. ಹೊಸದನ್ನು ಪೂಜೆ ಮಾಡದೆ ಹೊರಗೆ ಒಯ್ಯುವುದುಂಟೆ? ಕಾರಿನ ಕೀಲಿ, ಮಿಕ್ಸರ್, ಲ್ಯಾಪ್‌ಟಾಪ್‌ಗಳ ನಡುವೆ ಜಿಪಿಎಸ್ ಕೂಡ ಚೆಂಡುಹೂ ಮುಡಿದು ಕೂತಿತು. ಗದಗಿನಲ್ಲಿ ಭಾವನವರ ಮನೆಯಿಂದ ಅತ್ತೆ ವಿಡಿಯೋದಲ್ಲಿ ಬಂದರು.

“ಏನೋ ಅದು?”

“ಊರಿನ ಹೆಸರು ತುಂಬಿಟ್ರ ದಾರಿ ತೋರಿಸ್ತದವ್ವಾ.”

“ಲಗ್ನಪತ್ರಿಕಾ ಮೊದಲು ಯಾರಿಗೆ ಕೊಡ್ತೀವಿ? ಮನೆದೇವ್ರಿಗೆ. ಇದರಾಗೂ ಮೊದಲು ಅವನ ಗುಡಿನಽ ಹಾಕು.”

ಇವರು ಫೋನಿನ ನಕ್ಷೆ ನೋಡಿ, ಊರ ಹೊರಗಿನ ವೀರಭದ್ರನ ಗುಡಿಯನ್ನು ಭಕ್ತಿಯಿಂದ ತುಂಬಿದರು. “ಪಾಪಾ, ಪಾರ್ಕ್‌ಪ್ಲಾಟ್ಸ್!” ಎಂದಳು ಮಗಳು. ಹಾಕಬೇಕಾದದ್ದು ಕಾರು ನಿಲ್ಲಿಸುವ ಜಾಗ ಎಂದು ಆ ಹುಡುಗಿಗೂ ಗೊತ್ತಿತ್ತು. “ಅದನ್ನ ಅವತ್ತಽ ಒತ್ತೂದು,” ಎಂದು ಇವರು ಕಾಯಿ ಒಡೆದರು. ಅರ್ಧ ನೀರು ಜಿಪಿಎಸ್ ಮೇಲೆ.

ಮಳೆಗೆ ಕೆಡುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಕಾಯಿನೀರಿನ ಬಗ್ಗೆ ಏನೂ ಬರೆದಿರಲಿಲ್ಲ.

೪. ಬಾಣ ತೋರಿಸಿದ ಕಡೆ

ಬೇಟೆಯ ದಿನ ಕಾರು ನಿಲ್ಲಿಸಿ, ಆ ಜಾಗವನ್ನು ಹಿಡಿದಿಡುವ ಬಟನ್ ಒತ್ತಿದರಂತೆ. ಕಾಯಿನೀರು, ಕುಂಕುಮ ಸೇರಿ ಅಂಟಾಗಿದ್ದ ಬಟನ್ ಒಳಗೆ ಹೋಯಿತು, ಕೆಲಸ ಮಾಡಲಿಲ್ಲ. ಇವರು ನೋಡಲಿಲ್ಲ.

ಯಜಮಾನರು ಎಲ್ಲರೆದುರು ಹೇಳಿದ್ದರು: “ದಾರಿ ತಪ್ಪಿದರೆ ಪಟ್ಟಿಯಲ್ಲಿ ಮೊದಲಿರುವುದನ್ನು ಆರಿಸಿ. ಅದು ಕಾರು. ಬಾಣದ ಹಿಂದೆ ಹೋಗಿ.”

ದಾರಿ ತಪ್ಪಿತು. ಇವರು ಮೊದಲಿರುವುದನ್ನು ಆರಿಸಿದರು. ಅದೊಂದೇ ಇತ್ತು. ಬಾಣ ಪೂರ್ವಕ್ಕೆ ತಿರುಗಿತು. ಮಂಜು ಹಿಡಿದ ಕನ್ನಡಕದಲ್ಲಿ ಕಂಡದ್ದು ಏಳು ಸಾವಿರ ಚಿಲ್ಲರೆ ಎಂಬ ಅಂಕಿ ಮಾತ್ರ. ಮೀಟರ್ ಅಂದುಕೊಂಡರು. ನಡೆದರು, ನಡೆದರು. ಅಂಕಿ ಇಳಿಯಲೇ ಇಲ್ಲ. ಅಗ್ಗದ್ದು, ನಿಧಾನ ಇರಬೇಕು ಅಂದುಕೊಂಡು ಮತ್ತೆ ನಡೆದರು.

ಮಧ್ಯಾಹ್ನದ ಮೇಲೆ ಫೋನ್ ಬಂತು: “ಏ, ಇಲ್ಲೊಂದು ಬಸ್ ಸ್ಟಾಪ್ ಅದ. ಯಾವ ಊರೋ ಗೊತ್ತಿಲ್ಲ.” ಸ್ಟಾಪಿನ ಹೆಸರು ಓದಿಸಿಕೊಂಡು, ನಾನು ನನ್ನ ಕಾರಿನಲ್ಲಿ ಹೋಗಿ ಬೇಟೆಯ ಜಾಗಕ್ಕೆ ಕರೆತರುವಷ್ಟರಲ್ಲಿ ಬೇಟೆಯವರೆಲ್ಲ ಬೆಂಕಿಯ ಸುತ್ತ ಕಾಯುತ್ತಿದ್ದರು. ಈ ವರ್ಷವೂ ಬೇಟೆ ಅರ್ಧಕ್ಕೇ ನಿಂತಿತ್ತು. ಯಜಮಾನರು ಕೈಚಾಚಿ ಜಿಪಿಎಸ್ ಇಸಿದುಕೊಂಡು, ಬಹಳ ಹೊತ್ತು ನೋಡಿದರು. ಹೋಯಿತು, ಇದ್ದ ಒಬ್ಬ ಗೆಳೆಯನೂ ಹೋದ ಅಂತ ನಾನು ಅಂದುಕೊಂಡೆ.

“ಇಲ್ಲಿ ಏನಿದೆ?” ಎಂದರು.

“ನಮ್ಮ ದೇವಸ್ಥಾನ,” ಎಂದೆ. “ಭಾರತದಲ್ಲಿ.”

ಅವರು ಎದ್ದು ತಮ್ಮ ಜೀಪಿಗೆ ಹೋಗಿ, ತಮ್ಮ ನಾಯಿಯ ಆಂಟೆನಾ ಇದ್ದ ಕೊರಳಪಟ್ಟಿ ಬಿಚ್ಚಿ ತಂದು, ಇವರ ತೋಳಿಗೆ ಬಿಗಿದರು. “ಮುಂದಿನ ವರ್ಷ ಇದನ್ನು ಹಾಕಿಕೊಂಡು ಬರಬೇಕು,” ಎಂದರು. ಇವರ ಮುಖ ನೋಡಬೇಕಿತ್ತು. ಪದಕ ಸಿಕ್ಕಿದ್ದರೂ ಅಷ್ಟು ಬೆಳಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದೆ. ಪೂಜೆ, ಬಟನ್, ಬಾಣ, ಯಾವುದನ್ನೂ ಬಿಡಲಿಲ್ಲ. ಒಮ್ಮೆಯಾದರೂ ಮಗನಿಗೆ ಬೈದಾರು ಎಂಬ ಆಸೆ. ಅತ್ತೆ ಕಣ್ಣೊರೆಸಿಕೊಂಡರು.

“ಮನೆದೇವ್ರ ಕಡೆ ಮುಖಾ ಮಾಡಿ ಹೊಂಟಿದ್ನಲ್ಲ ನನ್ನ ಮಗಾ! ನಡುವ ಹೋಗಿ ತಿರುಗಿಸಿ ಕರಕೊಂಡು ಬಂದಾಕಿ ನೀ ಏನವಾ?”