ಕುರ್ಚಿಯ ಹಿಂದೆ ನಿಂತು ಕಲಿತ ಪ್ರೋಗ್ರಾಮಿಂಗ್ ಕುರಿತು

ಗಣಕ ಶಾಖೆ, ಕಾರವಾರ
ಸಂಖ್ಯೆ: ಗಶಾ/ಕುರ್ಚಿ/ಹಿಂಭಾಗ/೧೭/೨೦೦೬-೦೭
ದಿನಾಂಕ: ೧೨-೦೩-೨೦೦೭

ವಿಷಯ: ಸಾಫ್ಟ್‌ವೇರ್ ಬರೆಯುವವರ ಹಿಂದೆ ನಿಂತು ಕಲಿತದ್ದನ್ನು ವಿದ್ಯೆ ಎಂದು ಪರಿಗಣಿಸುವ ಅಥವಾ ಪರಿಗಣಿಸದಿರುವ ಬಗ್ಗೆ.

ಉಲ್ಲೇಖ: ೧) ಡೇಟಾ ಎಂಟ್ರಿ ಆಪರೇಟರ್ ಕು. ಸುಮಿತಾ ಗೌಡ, ಬೆಳಂಬಾರ, ಇವರ ಅರ್ಜಿ.
೨) ಸದರಿಯವರು ಖುದ್ದಾಗಿ ಬಂದು ನಿಂತದ್ದು.

ಪ್ರಸ್ತಾವನೆ:

ಕು. ಸುಮಿತಾ ಅವರು ಪ್ರೋಗ್ರಾಮರ್ ಶ್ರೀ ಕೌಶಿಕ್ ಭಟ್ಟ, ಬಿ.ಇ., ಇವರ ಕುರ್ಚಿಯ ಹಿಂದೆ ನಿಂತು ನೋಡಿಯೇ ಪ್ರೋಗ್ರಾಮ್ ಬರೆಯಲು ಕಲಿತಿದ್ದು, ಮಾರ್ಚ್ ಅಂತ್ಯಕ್ಕೆ ತಮ್ಮ ಗುತ್ತಿಗೆ ಮುಗಿಯುವುದರಿಂದ ಖಾಲಿ ಇರುವ ಸಹಾಯಕ ಪ್ರೋಗ್ರಾಮರ್ ಹುದ್ದೆಯನ್ನು ಕೋರಿರುತ್ತಾರೆ.

ಶ್ರೀ ಭಟ್ಟರ ಪಡಿತರ ಚೀಟಿ ಪ್ರೋಗ್ರಾಮು ಅಂಕೋಲೆಯಲ್ಲಿ ಹುಲಿಯಾ ಗೌಡ ಎಂಬ ಹೆಸರಿನವರೆಲ್ಲರನ್ನೂ ಒಬ್ಬನೇ ಮನುಷ್ಯನೆಂದು ತಿಳಿದು ಒಂದೇ ಚೀಟಿ ಮುದ್ರಿಸಿದಾಗ, ಕು. ಸುಮಿತಾ ಅವರು ಹಿಂದಿನಿಂದ "ಹುಲಿಯಾ ಅಂದ್ರೆ ಒಬ್ನೇ ಅಲ್ಲ ಸರ್, ನಮ್ಮಲ್ಲಿ ಕೊಪ್ಪಕ್ಕೊಬ್ಬ ಇದ್ದ" ಎಂದದ್ದು (ಕೊಪ್ಪ ಎಂದರೆ ಕೇರಿ) ದಾಖಲಾಗಿದೆ. ಬಳಿಕ ಅವರೇ ಕುಳಿತು ಮಾಡಿದ ತಿದ್ದುಪಡಿಯಿಂದ ಒಬ್ಬನೇ ಹುಲಿಯಾನಿಗೆ ಊರಿನ ಅಷ್ಟೂ ಚೀಟಿ ಹೋದದ್ದೂ, ಆಗ ಶ್ರೀ ಭಟ್ಟರು ಇವರ ಕುರ್ಚಿಯ ಹಿಂದೆ ನಿಂತು "ನಿಮ್ಮ ಹುಲಿಯಾ ಇನ್ನು ರೇಶನ್ ಅಂಗಡಿನೇ ಇಡಬಹುದು ಮಾರಾಯ್ತಿ" ಎಂದದ್ದೂ ದಾಖಲಾಗಿದೆ. ಕೊನೆಗೆ ಇಬ್ಬರೂ ನಿಂತೇ ಸರಿಪಡಿಸಿದರು. ಕುರ್ಚಿ ಖಾಲಿ ಇತ್ತು. ಯಾರು ಯಾರಿಂದ ಕಲಿತರೆಂಬುದು ಶಾಖೆಗೆ ತಿಳಿಯದ ಕಾರಣ, ಈ ಕೆಳಗಿನಂತೆ ಸೂಚಿಸಲಾಗಿದೆ:

೧. ವಿದ್ಯೆ ಎಂದರೆ ಬೆಂಚಿನ ಮೇಲೆ ಕುಳಿತು ಪಡೆದದ್ದು. ನಿಂತು ಪಡೆದದ್ದು ಕುತೂಹಲ. ಶಿಕ್ಷೆಗಾಗಿ ಬೆಂಚಿನ ಮೇಲೆ ನಿಂತ ಅವಧಿಯನ್ನು ಪದವಿಯಿಂದ ಕಳೆಯುವ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

೨. ಹಿಂದೆ ನಿಲ್ಲುವವರು ಒಂದು ಮೊಳ ದೂರ ನಿಲ್ಲತಕ್ಕದ್ದು. ಊಟಕ್ಕೆ ಬಂಗಡೆ ಮೀನು ತಿಂದ ದಿನ, ಎರಡು ಮೊಳ.

೩. ಪದವೀಧರರು ಪದವಿ ಇಲ್ಲದವರ ಹಿಂದೆ ನಿಲ್ಲುವಂತಿಲ್ಲ. ನಿಲ್ಲಲೇಬೇಕಾದಲ್ಲಿ ಕಿಟಕಿಯಿಂದ ಕೋಡಿಬಾಗದ ಹೊಳೆ ನೋಡುತ್ತಿರುವಂತೆ ನಿಲ್ಲತಕ್ಕದ್ದು. ಕಿಟಕಿ ಇಲ್ಲದ ಕೋಣೆಗಳಲ್ಲಿ ಕ್ಯಾಲೆಂಡರ್ ಸಾಕು.

೪. ಹಿಂದೆ ನಿಂತವರಿಗೆ ಉತ್ತರ ಹೊಳೆದಲ್ಲಿ ಹೇಳಬಾರದು, ಕೆಮ್ಮತಕ್ಕದ್ದು. ಸದರಿ ಕೆಮ್ಮನ್ನು ಕುಳಿತವರು ತಮ್ಮ ಸ್ವಂತ ಆಲೋಚನೆ ಎಂದು ನಮೂದಿಸತಕ್ಕದ್ದು.

೫. ಮೇಲ್ಕಂಡ ಕಾರಣಗಳಿಂದ ಕು. ಸುಮಿತಾ ಅವರ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಪ್ರೋಗ್ರಾಮು ಈಗ ಸರಿಯಾಗಿ ಓಡುತ್ತಿರುವುದು ಅರ್ಹತೆಯಾಗುವುದಿಲ್ಲ.

೬. ಈ ಸುತ್ತೋಲೆಯನ್ನು ಬೆರಳಚ್ಚು ಮಾಡಿದವರು ಕು. ಸುಮಿತಾ. ಕೆಳಗೆ ಸಹಿ ಮಾಡಿದವರು ಅವರ ಹಿಂದೆ ನಿಂತು ಹೇಳಿ ಬರೆಸಿದ್ದು, ಕಲಿಯುವ ಉದ್ದೇಶ ಇರಲಿಲ್ಲ. ಕಂಡಿಕೆ ೫ ಬಂದಾಗ ಕೀಲಿಮಣೆಯ ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಅದನ್ನು ಒಪ್ಪಿಗೆ ಎಂದು ಪರಿಗಣಿಸಲಾಗಿದೆ.

ಸಹಿ/-
(ಮಧುಕರ ನಾಯ್ಕ)
ಶಾಖಾಧಿಕಾರಿ (ಕುಳಿತು ಸಹಿ ಮಾಡಲಾಗಿದೆ)

ಪ್ರತಿಗಳು:
೧. ಶ್ರೀ ಕೌಶಿಕ್ ಭಟ್ಟ, ಕ್ಯಾಲೆಂಡರ್ ಸಹಿತ.
೨. ಕು. ಸುಮಿತಾ ಗೌಡ. ಪ್ರತ್ಯೇಕ ಪ್ರತಿ ಇಲ್ಲ, ಕ್ರ.ಸಂ. ೧ರವರ ಹಿಂದೆ ನಿಂತು ಓದಿಕೊಳ್ಳತಕ್ಕದ್ದು.
೩. ಅಂಕೋಲಾ ತಾಲ್ಲೂಕಿನ ಸಮಸ್ತ ಹುಲಿಯಾ ಗೌಡರಿಗೆ, ಒಂದೇ ಪ್ರತಿ.
೪. ಏಪ್ರಿಲ್ ಒಂದರಿಂದ ಸಹಾಯಕ ಪ್ರೋಗ್ರಾಮರ್ ಕುರ್ಚಿಯಲ್ಲಿ ಕೂರಲಿರುವ ಬಿ.ಇ. ಪದವೀಧರರಿಗೆ. ಕೆಲಸ ತಿಳಿಯುವವರೆಗೆ ಅವರ ಹಿಂದೆ ನಿಂತು ಹೇಳಿಕೊಡಲು ಕು. ಸುಮಿತಾ ಅವರನ್ನು ದಿನಗೂಲಿಯ ಮೇಲೆ ಕರೆಸತಕ್ಕದ್ದು.