ಮುಖ ಹುಡುಕುವ ಗುಂಡಿ

ತಪ್ಪೆಲ್ಲ ಪಾಸ್ಟಿಯದು. ಬುಧವಾರ ಬೆಳಿಗ್ಗೆ ಬೇಕರಿ ಕಾಲಿನ್ ಗಲ್ಲಾದ ಹಿಂದಿನಿಂದ, "ಶನಿವಾರ ನ್ಯಾನ್ಸ್‌ಗೆ ಬೀಳ್ಕೊಡುಗೆ. ಹಳೇ ಫೋಟೋಗಳನ್ನೆಲ್ಲ ಸೇರಿಸಿ ಒಂದು ಸ್ಲೈಡ್ ಶೋ ಆಗ್ಬೇಕು. ಯಾರು ಮಾಡ್ತೀರಿ?" ಅಂತ ಕೇಳಿದ. ಬಾಯಿ ಖಾಲಿ ಇದ್ದವರೆಲ್ಲ ಆಗಲ್ಲ ಅಂದರು. ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಬಿಸಿ ಪಾಸ್ಟಿ ಬಾಯಿಗೆ ತುರುಕಿಕೊಂಡಿದ್ದ ಆಲ್ಬಿ ಟ್ರೆಜೀಸ್ ಒಬ್ಬನೇ ಏನೂ ಹೇಳಲಾಗದೆ ತಲೆಯಾಡಿಸಿದ, ಅದೇ ಒಪ್ಪಿಗೆ ಅಂತಾಯಿತು.

ಹಾಗಂತ ಅವನಿಗೆ ಮನಸ್ಸಿರಲಿಲ್ಲ ಅಂತಲ್ಲ. ನ್ಯಾನ್ಸ್ ಪೆಂಗಿಲಿ ನಮ್ಮ ಪೋರ್ಟ್ ಕ್ಯಾರಿಲ್‌ನ ಕಡಲ ರಕ್ಷಣಾ ಸಂಘದ ರೇಡಿಯೋ ನೋಡಿಕೊಳ್ಳುವಾಕೆ. ದೋಣಿ ಕಟ್ಟುವ ಜೆಟ್ಟಿ ಪಕ್ಕದ ತಗಡಿನ ಕೋಣೆಯಲ್ಲಿ ಇಪ್ಪತ್ತನಾಲ್ಕು ವರ್ಷ ಕೂತು, ಎಂಜಿನ್ ಕೆಟ್ಟವರನ್ನು, ದಾರಿ ತಪ್ಪಿದವರನ್ನು ಬರೀ ಮಾತಿನಲ್ಲೇ ಹಿಡಿದಿಟ್ಟು ದಡ ಸೇರಿಸಿದ ಹೆಂಗಸು. ಸಂಬಳ ಇಲ್ಲ, ರಜೆ ಇಲ್ಲ. ಈಗ ಎಪ್ಪತ್ತೆಂಟು. ಅಂಥವರು ಒಂದೊಂದು ಊರಿಗೆ ಒಬ್ಬರೇ ಇರುತ್ತಾರೆ, ಇದ್ದರೆ ಆ ಊರಿನ ಪುಣ್ಯ.

ಹಿಂದೊಮ್ಮೆ ದಟ್ಟ ಮಂಜಿನಲ್ಲಿ ಆಲ್ಬಿಯ ದೋಣಿ ಡೋರೀನ್ ಕೆಟ್ಟು ನಿಂತಿತ್ತು. ಡೋರೀನ್ ಅಂದರೆ ಅವನ ತಾಯಿಯ ಹೆಸರು. ಐದು ಗಂಟೆ ಹೊತ್ತು ನ್ಯಾನ್ಸ್ ರೇಡಿಯೋದಲ್ಲಿ ಬಿಡದೆ ಮಾತಾಡಿದ್ದಳು. "ನಿಮ್ಮಮ್ಮ ಪಾಸ್ಟಿಗೆ ಕ್ಯಾರೆಟ್ ಹಾಕ್ತಿದ್ರೇನಯ್ಯಾ?" ಅಂತ ಕೆಣಕಿದಳು. ಪಾಸ್ಟಿಗೆ ಕ್ಯಾರೆಟ್ಟೇ! ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಆಲ್ಬಿ ಉರಿದುಬಿದ್ದು ಜಗಳಕ್ಕೆ ನಿಂತ, ಜಗಳದ ಬಿಸಿಯಲ್ಲಿ ಹೆದರುವುದನ್ನೇ ಮರೆತ. ದಡಕ್ಕೆ ಬಂದವನು "ಚಳಿ ಜಾಸ್ತಿ ಇದೆ" ಅಂತಷ್ಟೇ ಹೇಳಿ ಮನೆಗೆ ಹೋದ. ಥ್ಯಾಂಕ್ಸ್ ಅನ್ನುವ ಒಂದು ಮಾತು ಅವತ್ತಿನಿಂದ ಗಂಟಲಲ್ಲೇ ಉಳಿದುಬಿಟ್ಟಿತ್ತು. ಅದು ಎಂಜಿನ್ ಕೆಟ್ಟ ಮೊದಲ ಸಲ. ಆಮೇಲಿನವನ್ನು ಅವನು ಎಣಿಸಿಲ್ಲ.

ಈ ಸ್ಲೈಡ್ ಶೋದಲ್ಲಾದರೂ ಆ ಮಾತು ಹೇಳಿಬಿಡಬೇಕು ಅಂತ ಅವನ ಆಸೆ. ಹೆದರಿಕೆ ಇದ್ದದ್ದು ಒಂದೇ. ಬೀಳ್ಕೊಡುಗೆಯ ಬೆನ್ನಿಗೇ ಸಂಘದ ವಾರ್ಷಿಕ ಸಭೆ. ನಮ್ಮ ಸಭೆಯಲ್ಲಿ ಖಾಲಿ ಜಾಗಕ್ಕೆ ಯಾರು ಅಂತ ಕೇಳಿದರೆ ಎಲ್ಲರೂ ತಂತಮ್ಮ ಬೂಟು ನೋಡಿಕೊಳ್ಳುತ್ತಾರೆ. ಆ ಹೊತ್ತಿಗೆ ಯಾರು ಹೊರಗೆ ಹೋಗಿರುತ್ತಾರೋ ಅವರೇ ಅವಿರೋಧ ಆಯ್ಕೆ. ಕಾಲಿನ್ ಒಮ್ಮೆ ಫೋನು ಬಂತು ಅಂತ ಹೊರಗೆ ಹೋದವನು ಕಾರ್ಯದರ್ಶಿಯಾಗಿ ಒಳಗೆ ಬಂದ, ಈಗ ಒಂಬತ್ತನೇ ವರ್ಷ. ನಡುವೆ ಹೊರಗೆ ಹೋಗಬೇಕಾದೀತು ಅಂತ ಆಲ್ಬಿ ಹತ್ತೊಂಬತ್ತು ವರ್ಷದಿಂದ ಸಭೆಯ ದಿನ ಬೆಳಿಗ್ಗೆಯಿಂದ ಟೀ ಕುಡಿಯುವುದಿಲ್ಲ.

ಶನಿವಾರ ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಒಣಗಿದ ಬಾಯಲ್ಲಿ ಕೂತ. ಪೆನ್ ಡ್ರೈವಿನಲ್ಲಿ ಎಂಟುನೂರು ಚಿಲ್ಲರೆ ಫೋಟೋ. ಎಳೆದು ತಂದ ಪ್ರತಿ ದೋಣಿಯದೂ ಒಂದು ಫೋಟೋ ತೆಗೆದಿಡುವುದು ಸಂಘದ ಪದ್ಧತಿ, ಅದಕ್ಕೆಂದೇ ರೇಡಿಯೋ ಪಕ್ಕದ ಮೊಳೆಯಲ್ಲಿ ಒಂದು ಕ್ಯಾಮೆರಾ ನೇತಾಡುತ್ತಿರುತ್ತದೆ. ಮೊದಲ ಹತ್ತು ಫೋಟೋ ನೋಡಿದ. ದೋಣಿ, ಹಗ್ಗ, ಒಂದು ಪೆಲಿಕನ್ ಹಕ್ಕಿ. ನ್ಯಾನ್ಸ್ ಮುಂದೆ ಬರ್ತಾಳೆ ಬಿಡು ಅಂದುಕೊಂಡ.

ಹಿತ್ತಲ ಬಾಗಿಲಿನಿಂದ ಕಾಲಿನ್ ಹೇಳದೆ ಕೇಳದೆ ಒಳಗೆ ಬಂದ. "ಯಾವ ಸಾಫ್ಟ್‌ವೇರ್ ಹಾಕ್ಕೊಂಡಿದೀಯೋ? ಅಯ್ಯೋ, ಅದಲ್ಲ ಮಾರಾಯ! ನಮ್ಮ ಹುಡುಗಿ ಮದುವೇಲಿ ಹಾಕಿದ್ವಲ್ಲ, ಅದು ಹಾಕು. ಪುಸ್ತಕದ ಹಾಳೆ ಮಗುಚಿದ ಹಾಗೆ ಮಗುಚುತ್ತೆ!"

ಹಾಕಿದರು. ಹಾಳೆ ಏನೋ ಚೆಂದಾಗಿಯೇ ಮಗುಚಿತು. ಆದರೆ ಕಾಸು ಕೊಡದೆ ಇಳಿಸಿಕೊಂಡದ್ದಕ್ಕೆ ಪ್ರತಿ ಫೋಟೋದ ಮೇಲೂ ಕೆಂಪಕ್ಷರದಲ್ಲಿ 'ಇದು ಮಾದರಿ ಮಾತ್ರ' ಅಂತ ಮುದ್ರೆ ಬಿತ್ತು. ಪೆಲಿಕನ್ನಿನ ಹೊಟ್ಟೆಯನ್ನೂ ಬಿಡಲಿಲ್ಲ.

"ನ್ಯಾನ್ಸ್ ಹಣೆ ಮೇಲೆ ಇದನ್ನ ಬರೆಸ್ಲಾ?" ಅಂತ ಆಲ್ಬಿ ರೇಗಿದ.

ಅಷ್ಟರಲ್ಲಿ ಗ್ರಂಥಾಲಯದ ಲೋರ್ನಾ ಕೇಕಿನ ಡಬ್ಬಿ ಹಿಡಿದು ಬಂದಳು. ಒಮ್ಮೆ ಕೇಕ್ ಬೆಂದಿದೆಯಾ ನೋಡಲು ಸಭೆಯಿಂದ ಎದ್ದುಹೋಗಿ ಟೀ ಸಮಿತಿಯ ಅಧ್ಯಕ್ಷೆಯಾದವಳು. "ಗಂಡಸರ ಬುದ್ಧಿಯೇ ಇಷ್ಟು. ಸರಿ ಆ ಕಡೆ, ನಾನು ಹಾಕ್ತೀನಿ. ಇದರಲ್ಲಿ ನೂರಾ ಇಪ್ಪತ್ತು ಥರ ಕುಣಿಸ್ಬಹುದು."

ಕುಣಿಸಿದಳು. ಒಂದು ಫೋಟೋ ಬುಗುರಿಯಂತೆ ಗಿರಗಿರ ತಿರುಗಿತು, ಇನ್ನೊಂದು ಚೂರುಚೂರಾಗಿ ಸಿಡಿಯಿತು. ಮಿಕ್ಕವೆಲ್ಲ ಅಲೆ ಎದ್ದ ನೀರಿನಲ್ಲಿ ಗುಳುಗುಳು ಸದ್ದು ಮಾಡುತ್ತ ಮುಳುಗಿದವು.

ಆಲ್ಬಿ ತಲೆ ಚಚ್ಚಿಕೊಂಡ. "ನಾವು ದೋಣಿ ಮುಳುಗದ ಹಾಗೆ ನೋಡ್ಕೊಳ್ಳೋರು ಕಣೇ! ಇದು ಸಾಲಾಗಿ ನಿಲ್ಲಿಸಿ ಮುಳುಗಿಸ್ತಾ ಇದೆಯಲ್ಲೇ!"

ಹನ್ನೆರಡೂವರೆ ಆಯಿತು. ಬೀಳ್ಕೊಡುಗೆ ನಾಲ್ಕಕ್ಕೆ. ಎಂಟುನೂರು ಫೋಟೋ ಯಾವಾಗ ನೋಡೋದು, ಯಾವಾಗ ಆರಿಸೋದು? ಆಗ ಲೋರ್ನಾ ಇನ್ನೊಂದು ಸಾಫ್ಟ್‌ವೇರ್ ಇಳಿಸಿ, ಅದರ ಮೂಲೆಯಲ್ಲಿದ್ದ ಪುಟ್ಟ ನಗುಮುಖದ ಗುಂಡಿಗೆ ಬೆರಳಿಟ್ಟಳು.

"ಇಲ್ಲಿ ನೋಡು. ಎಲ್ಲ ಫೋಟೋನೂ ತಾನೇ ಜಾಲಾಡಿ, ಅತಿ ಹೆಚ್ಚು ಸಲ ಬರೋ ಮುಖ ಯಾವುದು ಅಂತ ಹುಡುಕುತ್ತಂತೆ. ಅವರನ್ನೇ ನಾಯಕಿ ಮಾಡಿ, ಹಾಡು ಹಾಕಿ, ಒಕ್ಕಣೆ ಬರೆದು ಶೋ ಕಟ್ಟಿಕೊಡುತ್ತೆ. ಮುದ್ರೆ ಇಲ್ಲ, ಮುಳುಗಿಸೋದಿಲ್ಲ."

"ಇಪ್ಪತ್ತನಾಲ್ಕು ವರ್ಷದ ಫೋಟೋ," ಅಂದ ಕಾಲಿನ್. "ನ್ಯಾನ್ಸ್ ಬಿಟ್ಟು ಇನ್ಯಾರ ಮುಖ ಇರುತ್ತೆ? ಒತ್ತು!"

ಮೂವರಿಗೂ ಅದು ಸರಿ ಅನ್ನಿಸಿತು. ಆಲ್ಬಿ ಒತ್ತಿದ. ಪರದೆಯ ಮೇಲಿನ ನೀಲಿ ಗೆರೆ ಆಮೆಯಂತೆ ತೆವಳಿ, ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಆ ತುದಿ ಮುಟ್ಟಿತು. ತೆರೆದು ನೋಡಲು ಪುರುಸೊತ್ತಿಲ್ಲ. ಲ್ಯಾಪ್‌ಟಾಪ್ ಬಗಲಿಗೆ ಸಿಕ್ಕಿಸಿಕೊಂಡು ಓಡಿದ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ನ್ಯಾನ್ಸ್, "ಇದೆಲ್ಲ ಯಾಕ್ರಪ್ಪಾ, ಸುಮ್ನೆ ಟೀ ಕೊಟ್ಟು ಕಳಿಸ್ಬಾರ್ದಾ?" ಅಂತ ಗೊಣಗುತ್ತಿದ್ದಳು. ದೀಪ ಆರಿತು, ಪಿಟೀಲು ಮೊಳಗಿತು. ಪರದೆಯ ಮೇಲೆ ಬಂಗಾರದ ಅಕ್ಷರ ಮೂಡಿತು: 'ನಮ್ಮೆಲ್ಲರ ನಕ್ಷತ್ರ'.

ಬೆನ್ನಿಗೇ ಆಲ್ಬಿಯ ಮುಖ ಬಂತು. ಮಂಜಿನಲ್ಲಿ ನೆಂದು ತೊಪ್ಪೆಯಾದ, ಇಪ್ಪತ್ತು ವರ್ಷ ಚಿಕ್ಕ ಮುಖ.

ಯಾರೋ ಕಿಸಕ್ಕೆಂದರು. ಮುಂದಿನದೂ ಆಲ್ಬಿಯೇ, ಎಳೆದು ತಂದ ಡೋರೀನ್‌ನಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದ. ಆಮೇಲೆ ಬಿಸಿಲಿಗೆ ಸೀಗಡಿಯ ಹಾಗೆ ಕೆಂಪಗಾದ ಆಲ್ಬಿ. ಒಂದೇ ಒಂದು ಮೀನು ಹಿಡಿದ ಆಲ್ಬಿ. "ಹದಿನೇಳು!" ಅಂತ ಹಿಂದಿನ ಸಾಲಿನವರು ಕೂಗಿ ಎಣಿಸತೊಡಗಿದರು. "ಇಪ್ಪತ್ತಾರು! ಮೂವತ್ತೊಂಬತ್ತು!" ನಲವತ್ತಮೂರನೆಯದು ಹೃದಯದ ಚೌಕಟ್ಟಿನೊಳಗೆ ಬಂದು ನಿಂತಿತು, ಕೆಳಗೆ ಒಕ್ಕಣೆ: 'ನೀನಿಲ್ಲದೆ ನಾವಿಲ್ಲ'.

ಇಡೀ ಶೋದಲ್ಲಿ ನ್ಯಾನ್ಸ್‌ಳ ಒಂದು ಬೆರಳೂ ಇರಲಿಲ್ಲ.

ಆಲ್ಬಿ ಅವಳ ಕಡೆ ನೋಡಿದ. ಅವಳು ಕರವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಅಯ್ಯೋ ದೇವರೇ, ಅಳಿಸಿಬಿಟ್ಟೆನಲ್ಲ! ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕುರ್ಚಿ ಎಡವಿ, ಬಾಗಿಲು ತಳ್ಳಿ, ಜೆಟ್ಟಿಯ ತುದಿಯವರೆಗೂ ಓಡಿದ. ಇಷ್ಟು ವರ್ಷ ಕಾದು ಥ್ಯಾಂಕ್ಸ್ ಹೇಳಲು ಹೋಗಿ ತನ್ನನ್ನೇ ಮೆರೆಸಿಕೊಂಡು ಬಂದೆನಲ್ಲ ಅಂತ ತನ್ನನ್ನು ತಾನೇ ಬೈದುಕೊಂಡ.

ಒಳಗಿನಿಂದ ಚಪ್ಪಾಳೆ ಕೇಳಿತು. ನ್ಯಾನ್ಸ್‌ಗೆ ಇರಬೇಕು ಅಂದುಕೊಂಡ. ಎರಡನೇ ಸಲ ಇನ್ನೂ ಜೋರಾಗಿ ಕೇಳಿತು. ಆಗ ಅವನಿಗೆ ನೆನಪಾಯಿತು. ಇವತ್ತು ವಾರ್ಷಿಕ ಸಭೆ. ತಾನು ಹೊರಗಿದ್ದೇನೆ.

ಓಡೋಡಿ ಒಳಗೆ ಬಂದ. ಎಲ್ಲರೂ ತಮ್ಮ ಬೂಟು ಬಿಟ್ಟು ಅವನನ್ನೇ ನೋಡುತ್ತಿದ್ದರು. ಕಾರ್ಯದರ್ಶಿ ಕಾಲಿನ್ ಎದ್ದು, "ರೇಡಿಯೋ ಕುರ್ಚಿಗೆ ಆಲ್ಬಿ ಟ್ರೆಜೀಸ್, ಅವಿರೋಧ!" ಅಂತ ಓದಿದ. ಒಂಬತ್ತು ವರ್ಷದಲ್ಲಿ ಅವನ ಮುಖದಲ್ಲಿ ಅಂಥ ನಗು ಯಾರೂ ಕಂಡಿರಲಿಲ್ಲ.

ನ್ಯಾನ್ಸ್ ರೇಡಿಯೋ ಕೋಣೆಯ ಬೀಗದ ಕೈ ಹಿಡಿದು ಬಂದಳು. ಅವಳು ಅತ್ತಿರಲಿಲ್ಲ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

"ನ್ಯಾನ್ಸ್, ನಿಮ್ಮದೇ ಮುಖ ಬರುತ್ತೆ ಅಂದ್ಕೊಂಡಿದ್ದೆ..."

"ನಾನೆಲ್ಲಿಂದ ಬರ್ಲಿ ಕಣಯ್ಯಾ? ಕ್ಯಾಮೆರಾ ಹಿಡಿದಿದ್ದೋಳೇ ನಾನಲ್ವಾ?" ಅವಳ ದನಿ ತಗ್ಗಿತು. "ಬೇಜಾರು ಮಾಡ್ಕೋಬೇಡ. ಇಷ್ಟು ವರ್ಷ ಅಲ್ಲಿ ಕೂತು ಏನು ಮಾಡ್ದೆ ಅಂತ ಯಾರಾದ್ರೂ ಕೇಳಿದ್ರೆ ಇನ್ಮೇಲೆ ಇದನ್ನೇ ತೋರಿಸ್ತೀನಿ. ನಲವತ್ಮೂರು ಸಲ ಕೆಟ್ಟು ನಿಂತೋನು ನಲವತ್ಮೂರು ಸಲಾನೂ ಮನೆಗೆ ಬಂದಿದಾನೆ ನೋಡಿ ಅಂತ. ಇದಕ್ಕಿಂತ ಒಳ್ಳೇ ಬೀಳ್ಕೊಡುಗೆ ಯಾರಿಗೆ ಸಿಗುತ್ತೆ?"

ಈಗ ಹೇಳಿಬಿಡಬೇಕು ಅಂತ ಆಲ್ಬಿ ಬಾಯಿ ತೆರೆದ.

"ಚಳಿ ಜಾಸ್ತಿ ಇದೆ," ಅಂದ.

"ಗೊತ್ತು ಕಣಪ್ಪಾ," ಅಂತ ಅವಳು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ಮುಂದಿನ ಶನಿವಾರ ಬೆಳಿಗ್ಗೆ ಐದಕ್ಕೆ ಆಲ್ಬಿ ತಗಡಿನ ಕೋಣೆಯಲ್ಲಿ ಕೂತ. ಸಮುದ್ರ ಕನ್ನಡಿಯಂತಿತ್ತು, ಮೀನು ಹಿಡಿಯಲು ಅಂಥ ದಿನ ವರ್ಷಕ್ಕೊಂದು ಬರುತ್ತದೆ. ಹೇಗೂ ಡೋರೀನ್ ಸುಮ್ಮನೆ ನಿಂತಿರುತ್ತಲ್ಲ ಅಂತ ನ್ಯಾನ್ಸ್ ಅದನ್ನು ಕೇಳಿ ಪಡೆದು, ಆಗಲೇ ಗಾಳ ಹಿಡಿದು ಹೊರಟಿದ್ದಳು. ಎಂಟು ಗಂಟೆಗೆ ರೇಡಿಯೋ ಗರಗರ ಅಂದಿತು.

"ಆಲ್ಬೀ, ನಿನ್ನ ಎಂಜಿನ್ ನಿಂತುಹೋಯ್ತು ಕಣಯ್ಯಾ. ಈಗ ಬೇಗ ಜಗಳ ಶುರುಮಾಡು."

"ಹೆದರ್ಬೇಡಿ ನ್ಯಾನ್ಸ್," ಅಂದ ಆಲ್ಬಿ. "ಮೊದ್ಲು ಇದು ಹೇಳಿ, ನಿಮ್ಮಮ್ಮ ಪಾಸ್ಟಿಗೆ ಕ್ಯಾರೆಟ್ ಹಾಕ್ತಿದ್ರಾ?" ಅತ್ತ ಕಡೆಯಿಂದ ಬೈಗುಳದ ಮಳೆ ಶುರುವಾಯಿತು. ಅವನು ಒಂದು ಕೈಯಲ್ಲಿ ಮೈಕು ಹಿಡಿದುಕೊಂಡೇ ಇನ್ನೊಂದು ಕೈ ಚಾಚಿ, ಮೊಳೆಯಿಂದ ಕ್ಯಾಮೆರಾ ಇಳಿಸಿಕೊಂಡ.